ಖಂಡಸ್ಫುಟಿತ ಜೀರ್ಣೋದ್ಧಾರ: ಮನೆಯ ಶೆಡ್ಡಿನಲ್ಲಿ ಹಳೇ ಕಾರು

ಹಳೆಯ ಕಾರೊಂದನ್ನು ಮನೆಗೆ ತಂದು, ನಟ್ಟು ಬೋಲ್ಟು ಸಮೇತ ಬಿಚ್ಚಿ, ಸವೆದದ್ದನ್ನು ಸರಿಪಡಿಸಿ, ಕಾರ್ಖಾನೆಯಿಂದ ಹೊರಬಂದಾಗ ಇದ್ದಂತೆಯೇ ಮತ್ತೆ ಕೂಡಿಸುವುದು ಹವ್ಯಾಸವೆನಿಸಿಕೊಂಡದ್ದು 1920ರ ದಶಕದ ಕೊನೆಯಲ್ಲಿ. ಕಾರಿನ ವಯಸ್ಸು ಅದಕ್ಕಿಂತ ನಲವತ್ತು ವರ್ಷ ಹೆಚ್ಚು. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಬಂಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. ನಡುವಿನ ಆ ನಲವತ್ತು ವರ್ಷ ಹಳೆಯ ಕಾರಿಗೆ ಮರ್ಯಾದೆಯೇ ಇರಲಿಲ್ಲ. ತಂತ್ರ ಎಷ್ಟು ಬೇಗ ಬದಲಾಗುತ್ತಿತ್ತೆಂದರೆ ಹತ್ತು ವರ್ಷ ಹಿಂದಿನ ಕಾರು ನಗೆಪಾಟಲಿನ ವಸ್ತು. ಅದರ ಹಿತ್ತಾಳೆ ದೀಪ ಗುಜರಿಗೆ ಹೋಗುತ್ತಿತ್ತು, ಎಂಜಿನ್ ಮರ ಕೊಯ್ಯುವ ಗರಗಸಕ್ಕೋ ನೀರೆತ್ತುವ ಪಂಪಿಗೋ ಸೇರುತ್ತಿತ್ತು.

ಇಲ್ಲಿ ಎರಡು ಮಾತುಗಳ ವ್ಯತ್ಯಾಸ ತಿಳಿದಿರಬೇಕು. ರಿಪೇರಿಯ ಗುರಿ ಗಾಡಿ ಓಡುವುದು; ಯಾವ ಭಾಗ ಹಾಕಿದರೆ ಓಡುತ್ತದೋ ಅದೇ ಸರಿಯಾದ ಭಾಗ. ರೆಸ್ಟೋರೇಷನ್ನಿನಲ್ಲಿ ಓಡಿದರೆ ಸಾಲದು, ಮೊದಲು ಏನಿತ್ತೋ ಅದೇ ಇರಬೇಕು. ಕನ್ನಡ ನಾಡಿನ ಹಳೆಯ ದಾನಶಾಸನಗಳಲ್ಲಿ ಬಸದಿ, ದೇಗುಲಗಳಿಗೆ ಭೂಮಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಬರೆಸುತ್ತಿದ್ದರು: ಒಡೆದದ್ದನ್ನು, ಬಿರಿದದ್ದನ್ನು, ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸುವ ಕೆಲಸ. ರೆಸ್ಟೋರೇಷನ್ನಿಗೆ ಇದಕ್ಕಿಂತ ಒಪ್ಪುವ ಮಾತು ಸಿಗಲಾರದು, ಆದರೆ ಗ್ಯಾರೇಜಿನಲ್ಲಿ ಯಾರೂ ಅದನ್ನು ಬಳಸುವುದಿಲ್ಲ. ಬ್ರಿಟನ್ನಿನಲ್ಲಿ ರಿಪೇರಿಯೂ ಜೀರ್ಣೋದ್ಧಾರವೂ ಬೇಗನೆ ಬೇರೆ ಬೇರೆ ದಾರಿ ಹಿಡಿದವು. ಭಾರತದಲ್ಲಿ ರಿಪೇರಿ ಮುಂದೆ ನಡೆಯಿತು, ಜೀರ್ಣೋದ್ಧಾರ ಅದರ ಬೆನ್ನಿಗೆ ಬಂತು. ಒಂದು ಉಳಿಸಿಕೊಟ್ಟದ್ದನ್ನು ಇನ್ನೊಂದು ಕಿತ್ತು ತಿದ್ದಬೇಕಾಯಿತು.

ಹವ್ಯಾಸದ ಹುಟ್ಟೂರು ಇಂಗ್ಲೆಂಡ್. ಅಲ್ಲಿ 1896ರವರೆಗೆ ಯಂತ್ರದ ಬಂಡಿಗಳ ವೇಗಮಿತಿ ಗಂಟೆಗೆ 4 ಮೈಲಿ. ಬಂಡಿಯ ಮುಂದೆ ಒಬ್ಬ ಆಳು ನಡೆದುಕೊಂಡು ಹೋಗಬೇಕಿತ್ತು. ಆ ವರ್ಷದ ನವೆಂಬರ್ 14ರಂದು ಹೊಸ ಕಾಯ್ದೆ ಜಾರಿಗೆ ಬಂದು ಮಿತಿ 14 ಮೈಲಿಗೆ ಏರಿತು. ಅದೇ ದಿನ ಮೋಟಾರು ಮಾಲೀಕರು ಲಂಡನ್ನಿನಿಂದ ಬ್ರೈಟನ್ನಿಗೆ ಗಾಡಿ ಓಡಿಸಿ ಸಂಭ್ರಮಪಟ್ಟರು. 1927ರಲ್ಲಿ ‘ಡೈಲಿ ಸ್ಕೆಚ್’ ಪತ್ರಿಕೆ ಅದೇ ದಾರಿಯಲ್ಲಿ ಹಳೆಯ ಕಾರುಗಳ ಓಟ ಏರ್ಪಡಿಸಿತು. ತಮಾಷೆಯಾಗಿ ಶುರುವಾದ ಓಟವಾದರೂ ಸೇರಿದವರು ಐವತ್ತಕ್ಕೂ ಹೆಚ್ಚು ಮೈಲಿ ದಾಟಬೇಕು. ಅದಕ್ಕಾಗಿ ಲಾಯದಲ್ಲಿ, ಹುಲ್ಲಿನ ಕೊಟ್ಟಿಗೆಯಲ್ಲಿ ಬಿದ್ದಿದ್ದ ಗಾಡಿಗಳನ್ನು ಎಳೆದು ತಂದು ಕೆಲಸ ಮಾಡಲೇಬೇಕಾಯಿತು. ಓಟದಲ್ಲಿ ಪರಿಚಯವಾದವರು 1930ರಲ್ಲಿ ಬ್ರೈಟನ್ನಿನಲ್ಲೇ ‘ವೆಟರನ್ ಕಾರ್ ಕ್ಲಬ್’ ಕಟ್ಟಿದರು. ಯುದ್ಧದ ವರ್ಷಗಳಲ್ಲೂ, ಪೆಟ್ರೋಲ್ ಪಡಿತರವಿದ್ದ 1947ರಲ್ಲೂ, ಕೋವಿಡ್ ಬಂದ 2020ರಲ್ಲೂ ನಿಂತದ್ದು ಬಿಟ್ಟರೆ ಆ ಓಟ ಈಗಲೂ ನಡೆಯುತ್ತದೆ. 1905ಕ್ಕಿಂತ ಮೊದಲು ತಯಾರಾದ ವಾಹನಗಳಿಗೆ ಮಾತ್ರ ಅದರಲ್ಲಿ ಪ್ರವೇಶ.

‘ವಿಂಟೇಜ್’ ಎಂಬ ದ್ರಾಕ್ಷಾರಸದ ಮಾತು ಕಾರಿಗೆ ಅಂಟಿದ್ದು 1934ರಲ್ಲಿ ಹುಟ್ಟಿದ ‘ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್’ ಮೂಲಕ. ಅದರ ಸದಸ್ಯರು ಶ್ರೀಮಂತರೇನಲ್ಲ. ಹೊಸ ಕಾರು ಕೊಳ್ಳುವ ಶಕ್ತಿಯಿಲ್ಲದೆ, ಹಳೆಯದರ ಗಟ್ಟಿತನಕ್ಕೆ ಮನಸೋತ ತರುಣರು. 1930ರ ನಂತರ ಕಾರುಗಳು ರಾಶಿರಾಶಿಯಾಗಿ ತಯಾರಾಗಿ ಕಸುಬಿನ ಗುಣ ಕೆಟ್ಟಿತೆಂಬುದು ಅವರ ತಕರಾರು. ಆದ್ದರಿಂದ ಅವರ ಲೆಕ್ಕದಲ್ಲಿ ವಿಂಟೇಜ್ ಎಂದರೆ 1919ರಿಂದ 1930ರವರೆಗಿನ ಕಾರು, ಅದಕ್ಕೆ ಮುಂಚಿನದು ಎಡ್ವರ್ಡಿಯನ್, ಇನ್ನೂ ಹಿಂದಿನದು ವೆಟರನ್. ನಮ್ಮಲ್ಲಿ ಈ ಗೆರೆ ಅಷ್ಟು ಬಿಗಿಯಾಗಿ ಉಳಿಯಲಿಲ್ಲ. 1950ರ ದಶಕದ ಫಿಯೆಟ್ಟನ್ನೂ ಮದುವೆ ಮೆರವಣಿಗೆಯಲ್ಲಿ ‘ವಿಂಟೇಜ್’ ಎಂದೇ ಕರೆಯುತ್ತಾರೆ.

ಕ್ಲಬ್ಬುಗಳು ಹವ್ಯಾಸಕ್ಕೆ ನಿಯಮ ಕೊಟ್ಟವು. ಅದನ್ನು ಸಾಮಾನ್ಯರ ಮನೆಯ ಶೆಡ್ಡಿಗೆ ತಂದದ್ದು ಒಂದು ಪುಟ್ಟ ಕಾರು. ಹರ್ಬರ್ಟ್ ಆಸ್ಟಿನ್ ತನ್ನ ಮನೆಯ ಬಿಲಿಯರ್ಡ್ಸ್ ಮೇಜಿನ ಮೇಲೆ, ಹದಿನೆಂಟು ವರ್ಷದ ಡ್ರಾಫ್ಟ್ಸ್‌ಮನ್ ಸ್ಟ್ಯಾನ್ಲಿ ಎಜ್ ಜೊತೆ ಕೂತು ನಕ್ಷೆ ಬರೆಸಿದ ಆಸ್ಟಿನ್ ಸೆವೆನ್ 1922ರಲ್ಲಿ ಹೊರಬಂತು. 1939ರವರೆಗೆ ಸುಮಾರು 2,90,000 ತಯಾರಾದವು. 747 ಸಿಸಿಯ ಎಂಜಿನ್ನನ್ನು ಇಬ್ಬರು ಎತ್ತಿ ಕೆಳಗಿಡಬಹುದು. ಕ್ರೇನೂ ಬೇಡ, ದೊಡ್ಡ ಗ್ಯಾರೇಜೂ ಬೇಡ. ಯುದ್ಧದ ನಂತರ ಇವು ಅಗ್ಗದ ಬೆಲೆಗೆ ಸಿಗುತ್ತಿದ್ದುದರಿಂದ ಒಂದಿಡೀ ತಲೆಮಾರಿನ ಬ್ರಿಟಿಷ್ ಹುಡುಗರು ಮೆಕ್ಯಾನಿಕ್ ಕೆಲಸವನ್ನು ಇದರ ಮೇಲೆಯೇ ಕಲಿತರು. ಜಾನ್ ಹೇನ್ಸ್ ಎಂಬ ವಿದ್ಯಾರ್ಥಿ 1956ರಲ್ಲಿ ಶಾಲೆಯಲ್ಲಿರುವಾಗಲೇ ಆಸ್ಟಿನ್ ಸೆವೆನ್ನನ್ನು ‘ಸ್ಪೆಷಲ್’ ಆಗಿ, ಅಂದರೆ ಮನೆಯಲ್ಲೇ ಮಾರ್ಪಡಿಸಿದ ಕಾರಾಗಿ, ಕಟ್ಟುವುದು ಹೇಗೆಂದು ಕಿರುಪುಸ್ತಕ ಅಚ್ಚು ಹಾಕಿಸಿ ಮಾರಿದ. ಮುಂದೆ ವಾಯುಪಡೆಯ ಕೆಲಸದಲ್ಲಿ ಏಡನ್‌ನಲ್ಲಿದ್ದಾಗ ಸಹೋದ್ಯೋಗಿಯೊಬ್ಬನ ಸ್ಪ್ರೈಟ್ ಕಾರನ್ನು ಬಿಚ್ಚಿ ಕೂಡಿಸುತ್ತ, ಪ್ರತಿ ಹಂತದ ಫೋಟೊ ತೆಗೆದ. 1960ರ ದಶಕದ ನಡುವಿನಲ್ಲಿ ಶುರುವಾದ ಹೇನ್ಸ್ ಕೈಪಿಡಿಗಳು ಹುಟ್ಟಿದ್ದು ಹಾಗೆ. ಕಂಪನಿಯ ಕೈಪಿಡಿ ನುರಿತ ಫಿಟ್ಟರನಿಗೆ ಬರೆದದ್ದು. ಹೇನ್ಸ್ ಬರೆದದ್ದು ಭಾನುವಾರ ಒಬ್ಬನೇ ಶೆಡ್ಡಿನಲ್ಲಿ ಕೂತು, ಮುಂದೇನೆಂದು ತೋಚದೆ ಕೈಯ ಗ್ರೀಸ್ ಒರೆಸಿಕೊಳ್ಳುತ್ತಿರುವವನಿಗೆ.

ಅಮೆರಿಕದಲ್ಲಿ ಇಂಥ ಮೊದಲ ಕ್ಲಬ್ಬು 1935ರಲ್ಲಿ ಹುಟ್ಟಿತು, ಪೆನ್ಸಿಲ್ವೇನಿಯದ ಹರ್ಷಿಯಲ್ಲಿ ಹಳೆಯ ಬಿಡಿಭಾಗಗಳ ದೊಡ್ಡ ಸಂತೆ ಬೆಳೆಯಿತು. 1950ರಲ್ಲಿ ಶುರುವಾದ ಪೆಬಲ್ ಬೀಚ್ ಪ್ರದರ್ಶನದಂಥ ಕಡೆ ಅಂಕ ಕೊಟ್ಟು ಬಹುಮಾನ ಹಂಚುವುದು ವಾಡಿಕೆಯಾಯಿತು. ಅಂಕದ ಆಸೆಗೆ ಕಾರುಗಳು ಕಾರ್ಖಾನೆಯಲ್ಲಿದ್ದಾಗಲೂ ಇರದಿದ್ದ ಹೊಳಪು ಪಡೆದವು. ಕ್ರೋಮ್ ಕಾಣದ ಬೋಲ್ಟಿಗೂ ಕ್ರೋಮ್ ಬಂತು. ಇದಕ್ಕೆ ಪ್ರತಿಯಾಗಿ, ಬಣ್ಣ ಸಿಡಿದು ಸೀಟು ಹರಿದಿದ್ದರೂ ಮುಟ್ಟದೆ ಉಳಿಸಿದ ಕಾರೇ ಮೇಲೆಂಬ ವಾದ ಬೆಳೆಯಿತು. 2001ರಲ್ಲಿ ಪೆಬಲ್ ಬೀಚ್ ಅಂಥ ಕಾರುಗಳಿಗೆ ಪ್ರತ್ಯೇಕ ವರ್ಗವನ್ನೇ ಮಾಡಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು ಕೂಡ ಮೊದಲು ಉಳಿಸು, ಆಗದಿದ್ದರೆ ಮಾತ್ರ ಹೊಸದು ಹಾಕು ಎನ್ನುತ್ತದೆ.

ಭಾರತಕ್ಕೆ ಕಾರು ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ವರ್ಷಗಳಲ್ಲಿ, ಬಂದರುಗಳ ಮೂಲಕ. ಮೊದಲ ಗಿರಾಕಿಗಳು ಬ್ರಿಟಿಷ್ ಅಧಿಕಾರಿಗಳು, ದೊಡ್ಡ ವರ್ತಕರು, ಸಂಸ್ಥಾನಿಕರು. ಮೈಸೂರಿನ ಅರಮನೆ ರೋಲ್ಸ್-ರಾಯ್ಸ್ ಕಾರುಗಳನ್ನು ಒಂದೇ ಸಲಕ್ಕೆ ಏಳೇಳು ತರಿಸುತ್ತಿತ್ತೆಂದೂ, ಹಾಗೆ ಗೊಂಚಲಲ್ಲಿ ಕೊಳ್ಳುವುದಕ್ಕೆ ಕಂಪನಿಯವರ ನಡುವೆ ಮೈಸೂರಿನ ಹೆಸರೇ ನಾಣ್ನುಡಿಯಾಗಿತ್ತೆಂದೂ ಹೇಳಿಕೊಂಡು ಬಂದಿದ್ದಾರೆ. 1928ರಲ್ಲಿ ಜನರಲ್ ಮೋಟರ್ಸ್ ಮುಂಬಯಿಯ ಸಿವ್ರಿಯಲ್ಲಿ ಜೋಡಣೆ ಕಾರ್ಖಾನೆ ತೆರೆದ ಮೇಲೆ ಷೆವ್ರೊಲೆ ಕಾರು ವಕೀಲರಿಗೂ ಜಮೀನ್ದಾರರಿಗೂ ಕಾಫಿ ಪ್ಲಾಂಟರುಗಳಿಗೂ ಎಟುಕಿತು.

ಕಾರು ಇಲ್ಲೇ ತಯಾರಾಗಬೇಕೆಂದು ಮೊದಲು ಹಠ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪ್ ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಯೋಜನೆ ಸಿದ್ಧಪಡಿಸಿದರು. ಮೈಸೂರು ಸರ್ಕಾರ ನೆರವಿಗೆ ಮುಂದಾದರೂ ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗದೆ ಕಾರ್ಖಾನೆ ಬೆಂಗಳೂರಿಗೆ ದಕ್ಕಲಿಲ್ಲ. ಅದರಲ್ಲಿ ಕೈಜೋಡಿಸಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಬೆಂಗಳೂರಿಗೆ ಕಾರಿನ ಬದಲು ವಿಮಾನ ಬಂತು: 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದ್ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದರು. ಹಳೇ ಕಾರಿನ ಚರಿತ್ರೆಗೆ ಇದು ಸಂಬಂಧವಿಲ್ಲದ ಸಂಗತಿಯಂತೆ ಕಂಡರೂ ಸಂಬಂಧವಿದೆ, ಮುಂದೆ ಬರುತ್ತದೆ.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಪಡಿತರಕ್ಕೆ ಬಿತ್ತು. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡಿದವು; ಕಾರುಗಳು ಇಟ್ಟಿಗೆಯ ಮೇಲೆ ನಿಂತವು. ಸ್ವಾತಂತ್ರ್ಯದ ನಂತರ ವಿದೇಶಿ ವಿನಿಮಯದ ಕೊರತೆ ಬಿಗಿಯಾಯಿತು. ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆಯಿಲ್ಲದ ಕಂಪನಿಗಳು ಹೊರಡಬೇಕೆಂಬುದು 1953ರ ಸುಂಕ ಆಯೋಗದ ಶಿಫಾರಸು. ಅದರ ಬೆನ್ನಿಗೇ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಬಾಗಿಲು ಹಾಕಿದವು. ಮುಂದಿನ ಮೂವತ್ತು ವರ್ಷ, 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವವರೆಗೆ, ಹೊಸ ಕಾರೆಂದರೆ ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಇಷ್ಟೇ. ಅವಕ್ಕೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು.

ಹಾಗಾಗಿ ಇದ್ದ ಕಾರನ್ನು ಯಾರೂ ಎಸೆಯಲಿಲ್ಲ. ಇಂಗ್ಲೆಂಡಿನಲ್ಲಿ 1960ರಿಂದ ಹಳೆಯ ವಾಹನಗಳಿಗೆ ಕಡ್ಡಾಯವಾದ ವಾರ್ಷಿಕ ತಪಾಸಣೆ ಸಾವಿರಾರು ಕಾರುಗಳನ್ನು ಗುಜರಿಗೆ ಕಳಿಸುತ್ತಿದ್ದ ಕಾಲಕ್ಕೆ, ಮೈಸೂರು ರಾಜ್ಯದಲ್ಲಿ 1930ರ ದಶಕದ ಷೆವ್ರೊಲೆ, 1940ರ ದಶಕದ ಡಾಜ್, ಪ್ಲಿಮತ್‌ಗಳು ಬಾಡಿಗೆಗೆ ಓಡುತ್ತಿದ್ದವು. ಅವುಗಳ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಸವೆದಾಗ ಹೊಸ ಪಿಸ್ಟನ್ ಸಿಗದು, ಸಿಕ್ಕರೂ ಪೆಟ್ರೋಲಿನ ಖರ್ಚು ತಡೆಯದು. ಅಷ್ಟರಲ್ಲಿ ಮದರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಡೀಸೆಲ್ ಎಂಜಿನ್ ತಯಾರಿಸತೊಡಗಿತ್ತು. ಮೆಕ್ಯಾನಿಕ್ಕುಗಳು ಚಾಸಿಯ ಅಡ್ಡಪಟ್ಟಿ ಕತ್ತರಿಸಿ, ಹೊಸ ಮೌಂಟಿಂಗ್ ವೆಲ್ಡ್ ಮಾಡಿ, ಪರ್ಕಿನ್ಸ್ ಕೂರಿಸಿದರು. ಜೊತೆಗೆ ಜೀಪಿನ ಗೇರ್‌ಬಾಕ್ಸ್, ಅಂಬಾಸಡರಿನ ಸ್ಟಿಯರಿಂಗ್, ಲಾರಿಯ ಡೈನಮೋ. 1973ರಲ್ಲಿ ತೈಲದ ಬೆಲೆ ಏರಿದ ಮೇಲಂತೂ ದೊಡ್ಡ ಅಮೆರಿಕನ್ ಕಾರನ್ನು ಪೆಟ್ರೋಲಿನಲ್ಲಿ ಓಡಿಸುವುದು ಹುಚ್ಚೆನಿಸಿತು. ಈ ಕಸಿ ಮಾಡಿದವರನ್ನು ಇಂದಿನ ಹವ್ಯಾಸಿಗಳು ಬೈಯುವುದುಂಟು. ಆದರೆ ಹಾಗೆ ಮಾಡದಿದ್ದರೆ ಬೈಯಲು ಕಾರೇ ಇರುತ್ತಿರಲಿಲ್ಲ.

ಈ ಕೆಲಸಕ್ಕೆ ಕೈ ಎಲ್ಲಿಂದ ಬಂತೆಂದರೆ ಮತ್ತೆ ಆ ವಿಮಾನ ಕಾರ್ಖಾನೆಗೇ ಹೋಗಬೇಕು. ಯುದ್ಧಕಾಲದಲ್ಲಿ ಅದು ಅಮೆರಿಕದ ಯುದ್ಧವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಸಾವಿರಾರು ಕೆಲಸಗಾರರು ಥೌ ಲೆಕ್ಕದಲ್ಲಿ, ಅಂದರೆ ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ, ಅಳತೆ ಹಿಡಿಯುವುದನ್ನು ಅಲ್ಲಿ ಕಲಿತರು. ಆಮೇಲೆ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಕಾರ್ಖಾನೆಗಳು ಬಂದವು. ಆಡುಗೋಡಿಯಲ್ಲಿ ಮೈಕೋ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ತಯಾರಿಸತೊಡಗಿತು. ನಿವೃತ್ತ ಟರ್ನರುಗಳು ಒಂದು ಲೇತ್ ಹಾಕಿಕೊಂಡು ಸಣ್ಣ ವರ್ಕ್‌ಶಾಪು ತೆರೆದರು, ಪೀಣ್ಯ ಅಂಥವರಿಂದ ತುಂಬಿತು. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದಲ್ಲಿ ಕಾರು ಒಡೆಯುವ ಗುಜರಿಗಳು, ಚಿಕ್ಕಪೇಟೆಯ ಬಳಿ ಸಂಡೇ ಬಜಾರು. ಪುಸ್ತಕದಲ್ಲಿರುವ ಭಾಗ ಅಂಗಡಿಯಲ್ಲಿ ಸಿಗದಿದ್ದರೆ ಹಳೆಯದನ್ನೇ ಮಾದರಿಯಾಗಿ ಕೊಟ್ಟು ಹೊಸದು ಮಾಡಿಸಬಹುದಾದ ಊರು ಬೆಂಗಳೂರು. ಇಲ್ಲಿ ಹವ್ಯಾಸ ಬೇರುಬಿಡಲು ಇದು ಹವಾಮಾನಕ್ಕಿಂತ ದೊಡ್ಡ ಕಾರಣ.

ರಿಪೇರಿ ಜೀರ್ಣೋದ್ಧಾರವಾಗಿ ತಿರುಗಿದ್ದು ಪ್ರದರ್ಶನದಿಂದ. 1964ರಲ್ಲಿ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆ ದೆಹಲಿಯಲ್ಲಿ ಹಳೆಯ ಕಾರುಗಳ ರ್‍ಯಾಲಿ ಆರಂಭಿಸಿತು, 1968ರಲ್ಲಿ ಕಲ್ಕತ್ತದಲ್ಲೂ. ಗ್ಯಾರೇಜಿನ ಮೂಲೆಯಲ್ಲಿದ್ದ ಅಜ್ಜನ ಕಾರಿಗೆ ಬಹುಮಾನ ಬರಬಹುದೆಂದು ಆಗ ಗೊತ್ತಾಯಿತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನು ರದ್ದುಮಾಡಿದಾಗ ಅರಮನೆಗಳ ಕಾರುಗಳು ಇನ್ನಷ್ಟು ವೇಗವಾಗಿ ಕೈಬದಲಾದವು. ರೋಲ್ಸ್-ರಾಯ್ಸ್‌ನಂಥವನ್ನು ವಿದೇಶಿ ವ್ಯಾಪಾರಿಗಳು ಅಗ್ಗಕ್ಕೆ ಕೊಂಡು ಹಡಗು ಹತ್ತಿಸುತ್ತಿದ್ದರು. ಸರ್ಕಾರ ವಿಂಟೇಜ್ ಕಾರುಗಳ ರಫ್ತಿಗೆ ನಿರ್ಬಂಧ ಹೇರಿದ ಮೇಲೆ ಉಳಿದವು ಇಲ್ಲಿಯೇ ಉಳಿದವು. ಮುಂದಿನ ದಶಕಗಳಲ್ಲಿ ಮುಂಬಯಿ, ಬೆಂಗಳೂರು, ಚೆನ್ನೈಗಳಲ್ಲಿ ಕ್ಲಬ್ಬುಗಳಾದವು. ರಾಜರ ಕಾರು ಸಿಕ್ಕಿದ್ದು ಕೆಲವರಿಗೆ. ಮನೆಯಂಗಳದ ಹವ್ಯಾಸಿಗೆ ಸಿಕ್ಕಿದ್ದು ಮಾರಿಸ್, ಆಸ್ಟಿನ್, ಸಣ್ಣ ಫೋರ್ಡ್, ಹಳೆಯ ಫಿಯೆಟ್.

ಇಂಥ ಕಾರು ಸಿಗುವುದು ಬಹುಮಟ್ಟಿಗೆ ಎಸ್ಟೇಟಿನ ಶೆಡ್ಡಿನಲ್ಲಿ, ಹಳೆಯ ವಠಾರದ ಹಿತ್ತಲಲ್ಲಿ. ಮೊದಲು ನೋಡುವುದು ಕಾಗದ. ಎಂವೈ, ಎಂಇ, ಸಿಎ ಅಕ್ಷರಗಳಿಂದ ಶುರುವಾಗುವ ಹಳೆಯ ನಂಬರಿನ ಆರ್‌ಸಿ ಪುಸ್ತಕ ಇಲಿ ತಿನ್ನದೆ ಉಳಿದಿದ್ದರೆ ಅರ್ಧ ಗೆದ್ದಂತೆ. ಗಾಡಿ ಮನೆಗೆ ಬಂದ ಮೇಲೆ ಪೋರ್ಟಿಕೋ ವರ್ಕ್‌ಶಾಪಾಗುತ್ತದೆ. ಕಬ್ಬಿಣದ ಮೂರು ಕಾಲಿನ ಮೇಲೆ ಚೈನ್ ಪುಲ್ಲಿ, ಕೆಳಗೆ ಹಳೆಯ ಜಮಖಾನ. ಬಿಚ್ಚಿದ ಬೋಲ್ಟುಗಳು ಹಾರ್ಲಿಕ್ಸ್ ಬಾಟಲಿಗಳಿಗೆ ಸೇರುತ್ತವೆ, ಪ್ರತಿ ಬಾಟಲಿಗೂ ಚೀಟಿ. ಚೀಟಿ ಅಂಟಿಸದವನ ಕಾರು ಮತ್ತೆ ಕೂಡುವುದು ಅಪರೂಪ. ಇಂದು ಕೈಯಲ್ಲೇ ಫೋನಿರುವುದರಿಂದ ಹೇನ್ಸ್ ಏಡನ್‌ನಲ್ಲಿ ಮಾಡಿದ್ದನ್ನು ಎಲ್ಲರೂ ಮಾಡಬಹುದು.

ಸ್ಪ್ಯಾನರಿನ ವಿಚಾರವೇ ಒಂದು ಚರಿತ್ರೆ. ಹಳೆಯ ಬ್ರಿಟಿಷ್ ಕಾರಿನ ಬೋಲ್ಟಿನ ಮರೆ, ಅಂದರೆ ಸ್ಕ್ರೂವಿನ ಸುತ್ತು, ವಿಟ್‌ವರ್ತ್ ಅಥವಾ ಬಿಎಸ್‌ಎಫ್ ಅಳತೆಯದ್ದು. ಅದರ ಸ್ಪ್ಯಾನರಿನ ಮೇಲೆ ಬರೆದ ಅಳತೆ ಬೋಲ್ಟಿನ ದಪ್ಪದ್ದು, ತಲೆಯದ್ದಲ್ಲ. ಅಮೆರಿಕನ್ ಕಾರಿಗೆ ಬೇರೆ ಇಂಚಿನ ಸೆಟ್ಟು, ಫಿಯೆಟ್ಟಿಗೆ ಮಿಲಿಮೀಟರು. ಹಳೆಯ ಮಾರಿಸ್ ಎಂಜಿನ್ನುಗಳದ್ದು ಇನ್ನೂ ವಿಚಿತ್ರ. ಅವು ಮೂಲತಃ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯ ಯಂತ್ರಗಳಲ್ಲಿ ತಯಾರಾದ್ದರಿಂದ ಮರೆ ಮೆಟ್ರಿಕ್; ಬ್ರಿಟಿಷ್ ಮೆಕ್ಯಾನಿಕ್ಕಿಗೆ ಕಷ್ಟವಾಗದಿರಲೆಂದು ಬೋಲ್ಟಿನ ತಲೆ ಮಾತ್ರ ವಿಟ್‌ವರ್ತ್. ಇದು ಗೊತ್ತಿಲ್ಲದೆ ಹತ್ತಿರದ ಇಂಚಿನ ನಟ್ಟು ತುರುಕಿ ಮರೆ ಕೆಡಿಸಿದ ಎಂಜಿನ್ನುಗಳು ಎಷ್ಟೋ.

ವರ್ಷಗಟ್ಟಲೆ ನಿಂತ ಎಂಜಿನ್ ಜಾಮ್ ಆಗಿರುತ್ತದೆ: ಪಿಸ್ಟನ್ ರಿಂಗು ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿಕೊಂಡಿರುತ್ತದೆ. ಪ್ಲಗ್ಗು ಬಿಚ್ಚಿ ಪ್ರತಿ ಸಿಲಿಂಡರಿಗೂ ಡೀಸೆಲ್ಲು, ಸೀಮೆಎಣ್ಣೆ, ತೆಳು ಎಣ್ಣೆಯ ಮಿಶ್ರಣ ಸುರಿದು ಬಿಡಬೇಕು. ಎರಡು ದಿನವಲ್ಲ, ಎರಡು ಮೂರು ವಾರ. ಆಮೇಲೆ ಹ್ಯಾಂಡಲಿನಿಂದ ಕೂದಲೆಳೆಯಷ್ಟು ಅಲುಗಿಸುತ್ತ ಬರಬೇಕು. ಇಲ್ಲಿ ಜೋರು ಮಾಡಿದರೆ ರಿಂಗು ಮುರಿದು ಸಿಲಿಂಡರಿಗೆ ಗೀರು ಬೀಳುತ್ತದೆ. ಹ್ಯಾಂಡಲ್ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ ಉಳಿದ ಬೆರಳುಗಳ ಕಡೆಗೇ ಇಡಬೇಕು. ಸ್ಟಾರ್ಟ್ ಮಾಡುವಾಗ ಎಂಜಿನ್ ಒದ್ದರೆ ಸುತ್ತಿದ ಹೆಬ್ಬೆರಳು ಮುರಿಯುತ್ತದೆ. ಮೋಟಾರಿನ ಮೊದಲ ದಶಕಗಳಲ್ಲಿ ಹಾಗೆ ಕೈ ಮುರಿದುಕೊಂಡವರಿಗೆ ಲೆಕ್ಕವಿಲ್ಲ.

ಇಂದಿನ ಎಂಜಿನ್ನಿನಲ್ಲಿ ಬೇರಿಂಗು ತೆಳ್ಳನೆಯ ಬಿಲ್ಲೆ, ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. 1930ರ ದಶಕದವರೆಗಿನ ಬಹಳಷ್ಟು ಕಾರುಗಳಲ್ಲಿ ಅದು ವೈಟ್ ಮೆಟಲ್: ತವರಕ್ಕೆ ಆಂಟಿಮನಿ, ತಾಮ್ರ ಬೆರೆಸಿ ಕರಗಿಸಿ, ಎಂಜಿನ್ನಿನ ತೋಡಿಗೇ ಹೊಯ್ದ ಎರಕ. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದ ಬೇರಿಂಗಿನಿಂದ ಇದಕ್ಕೆ ಬ್ಯಾಬಿಟ್ ಎಂದೂ ಹೆಸರು. ಹೊಯ್ದ ಮೇಲೆ ಅಸಲು ಕೆಲಸ ಶುರು. ಕ್ರ್ಯಾಂಕಿಗೆ ತೆಳ್ಳಗೆ ನೀಲಿ ಬಣ್ಣ ಸವರಿ, ಕೂರಿಸಿ, ಒಂದು ಸುತ್ತು ತಿರುಗಿಸಿ ಎತ್ತಿದರೆ ಬೇರಿಂಗಿನಲ್ಲಿ ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಅಂಟಿರುತ್ತದೆ. ಆ ನೀಲಿಯನ್ನಷ್ಟೇ ಸ್ಕ್ರೇಪರಿನಿಂದ ಕೆರೆಯಬೇಕು. ಮತ್ತೆ ಸವರು, ಮತ್ತೆ ಕೂರಿಸು, ಮತ್ತೆ ಕೆರೆ. ಚುಕ್ಕಿ ಚುಕ್ಕಿಯಾಗಿ ಇಡೀ ಮೈಗೆ ನೀಲಿ ಹರಡುವವರೆಗೆ, ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಎರಡು ಥೌ ಸುಮಾರಿನ ಸಂದು ಉಳಿಯುವವರೆಗೆ. ಒಂದು ಬೇರಿಂಗಿಗೆ ಒಂದು ದಿನ ಹಿಡಿದರೆ ಆಶ್ಚರ್ಯವಿಲ್ಲ. ಎರಕದ ಕೆಲಸವನ್ನು ಮನೆಯಲ್ಲಿ ಮಾಡುವವರು ಕಡಿಮೆ, ಕೆರೆಯುವುದನ್ನು ಕಲಿತವರು ಇದ್ದಾರೆ. ಈ ವಿದ್ಯೆ ಪುಸ್ತಕದಿಂದ ಬರುವಂಥದ್ದಲ್ಲ, ಯಾರಾದರೂ ಹಿರಿಯ ಫಿಟ್ಟರು ಪಕ್ಕದಲ್ಲಿ ನಿಂತು ಕೈ ಹಿಡಿದು ತೋರಿಸಬೇಕು.

ಮೈಯ ಕಥೆ ಬೇರೆ. 1930ರ ದಶಕದ ನಡುವಿನವರೆಗೆ ಹೆಚ್ಚಿನ ಕಾರುಗಳ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತಿತ್ತು. ಬ್ರಿಟಿಷರು ಬಳಸಿದ್ದು ಆಶ್ ಎಂಬ ಬಾಗುವ ಗುಣದ ಮರ. ನಮ್ಮ ಮಳೆಗಾಲದಲ್ಲಿ ಅದು ಕೊಳೆಯುತ್ತದೆ, ಗೆದ್ದಲಿಗೂ ಇಷ್ಟ. ಹೊರಗಿನಿಂದ ಬಾಗಿಲು ನೆಟ್ಟಗೆ ಕಾಣುತ್ತಿರುತ್ತದೆ. ತೆರೆದರೆ ಹಿಂಜಿನ ಸಮೇತ ಕೈಗೆ ಬಂದು, ಒಳಗಿನಿಂದ ಪುಡಿ ಉದುರುತ್ತದೆ. ಆಶ್ ಇಲ್ಲಿ ಸಿಗದ ಕಾರಣ ಸಾಗುವಾನಿ, ಹೊನ್ನೆಯಲ್ಲಿ ಚೌಕಟ್ಟು ಮಾಡಿಸುತ್ತಾರೆ. ಮರದ ಬಸ್ ಬಾಡಿ ಕಟ್ಟುತ್ತಿದ್ದ ಹಳೆಯ ಬಡಗಿಗಳು ಇದಕ್ಕೆ ಹೇಳಿ ಮಾಡಿಸಿದವರು, ಆ ತಲೆಮಾರು ಕರಗುತ್ತಿದೆ. ತಗಡಿನ ಕೆಲಸಕ್ಕೆ ಟಿಂಕರಿಂಗ್ ಎಂಬ ಹೆಸರು. ತಗ್ಗನ್ನು ಸುತ್ತಿಗೆ ಮತ್ತು ಹಿಂಬದಿಗೆ ಹಿಡಿದ ಕಬ್ಬಿಣದ ಮುದ್ದೆಯ ನಡುವೆ ತಟ್ಟಿ ಎತ್ತುವುದು ನುರಿತ ಟಿಂಕರನ ಲಕ್ಷಣ. ಅರೆಬರೆ ಕೈ ತಗ್ಗಿನ ತುಂಬ ಪುಟ್ಟಿ ಮೆತ್ತುತ್ತದೆ, ಬಣ್ಣದ ಕೆಳಗೆ ಅದು ಒಂದೆರಡು ವರ್ಷ ಸುಮ್ಮನಿದ್ದು ಆಮೇಲೆ ಹಪ್ಪಳದಂತೆ ಏಳುತ್ತದೆ.

ತುಕ್ಕು ಬಿಡಿಸಲು ಹೊರದೇಶದ ಹವ್ಯಾಸಿಗಳು ಕಾಕಂಬಿ ಬಳಸುತ್ತಾರೆಂದರೆ ಮಂಡ್ಯದವರಿಗೆ ನಗು ಬರಬಹುದು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಕಬ್ಬಿಣದ ಭಾಗವನ್ನು ಒಂದೆರಡು ವಾರ ಮುಳುಗಿಸಿಟ್ಟರೆ ತುಕ್ಕು ಕರಗಿ ಬೂದು ಲೋಹ ಕಾಣುತ್ತದೆ. ನಾತ ತಡೆಯುವವರಿರಬೇಕು, ಅಲ್ಯೂಮಿನಿಯಂ ಭಾಗಗಳನ್ನು ಅದರಲ್ಲಿ ಹಾಕಬಾರದು. ಬಣ್ಣದ ವಿಷಯದಲ್ಲಿ ಒಂದು ಹೆಸರು ನಮ್ಮಲ್ಲಿ ಹಾಗೆಯೇ ಉಳಿದಿದೆ. 1920ರ ದಶಕದ ಆರಂಭದವರೆಗೆ ಕಾರಿಗೆ ವಾರ್ನಿಷ್ ಬಳಿದು ಒಣಗಿಸಲು ವಾರಗಟ್ಟಲೆ ಬೇಕಾಗುತ್ತಿತ್ತು. ಆ ದಶಕದ ನಡುವಿನಲ್ಲಿ ಡ್ಯುಪಾಂಟ್ ಕಂಪನಿಯ ಡ್ಯೂಕೋ ಲ್ಯಾಕರ್ ಬಂದು ಆ ಕೆಲಸವನ್ನು ಗಂಟೆಗಳಿಗೆ ಇಳಿಸಿತು. ಬೆಂಗಳೂರಿನಲ್ಲಿ ಸ್ಪ್ರೇ ಮಾಡುವ ಬಣ್ಣ ಯಾವ ಕಂಪನಿಯದ್ದಾದರೂ ‘ಡ್ಯೂಕೋ ಪೇಂಟಿಂಗ್’ ಎಂದೇ ಹೇಳುವುದು.

ಕಳೆದ ಎರಡು ಮೂರು ದಶಕಗಳಲ್ಲಿ ಹೊಸ ಹವ್ಯಾಸಿಗಳು ಹೆಚ್ಚಾಗಿ ಹಿಡಿದದ್ದು ಭಾರತದಲ್ಲೇ ತಯಾರಾದ ಕಾರುಗಳನ್ನು. ಫಿಯೆಟ್ 1100, ಅದರ ಮುಂದಿನ ಹೆಸರಾದ ಪ್ರೀಮಿಯರ್ ಪದ್ಮಿನಿ, ಅಂಬಾಸಡರಿಗೆ ಮೊದಲಿದ್ದ ಲ್ಯಾಂಡ್‌ಮಾಸ್ಟರ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಇವುಗಳಲ್ಲಿ ಹೆರಾಲ್ಡ್ ಕಲಿಯುವವರಿಗೆ ಒಳ್ಳೆಯದು. ಚಾಸಿ ಬೇರೆ, ಬಾಡಿ ಬೇರೆ. ಬಾನೆಟ್ಟು ಮಡ್ಗಾರ್ಡು ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಟೈರಿನ ಮೇಲೆ ಕೂತೇ ಎಂಜಿನ್ ಕೆಲಸ ಮಾಡಬಹುದು. ಪದ್ಮಿನಿಗೆ ಭಾಗಗಳು ಜೆ.ಸಿ. ರಸ್ತೆಯಲ್ಲಿ ಬಹುಕಾಲ ಸಿಕ್ಕವು. ಅಂಬಾಸಡರಿನ ಉತ್ಪಾದನೆ 2014ರಲ್ಲಿ ನಿಂತ ಮೇಲೆ ಅದರ ಸ್ಟಾಕೂ ಕಡಿಮೆಯಾಗುತ್ತಿದೆ. ಇನ್ನೊಂದು ಹೊಸ ತೊಂದರೆ ಎಥನಾಲ್ ಬೆರೆತ ಪೆಟ್ರೋಲು: ಹಳೆಯ ಕಾರಿನ ರಬ್ಬರ್ ಪೈಪನ್ನೂ ಕಾರ್ಕ್ ಫ್ಲೋಟನ್ನೂ ಅದು ತಿನ್ನುತ್ತದೆ, ಟ್ಯಾಂಕಿನಲ್ಲಿ ನೀರು ಸೆಳೆಯುತ್ತದೆ. ಆದ್ದರಿಂದ ಅಪರೂಪಕ್ಕೆ ಓಡುವ ಕಾರಿನ ಟ್ಯಾಂಕನ್ನು ಖಾಲಿ ಇಡುವ ರೂಢಿ ಬಂದಿದೆ.

ಕೆಲಸ ಮುಗಿದ ಕಾರುಗಳು ಹೇಗಿರುತ್ತವೆಂದು ನೋಡಬಯಸುವವರಿಗೆ ಕರ್ನಾಟಕದಲ್ಲಿ ಎರಡು ಜಾಗಗಳಿವೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಜೊತೆಗಿನ ಕಾರುಗಳ ಸಂಗ್ರಹ ಒಂದು, ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದಲೇ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ ಇನ್ನೊಂದು.

ಹಳೆಯ ಕಾರಿಗೆ ಭಾರತದ ಕಾನೂನಿನಲ್ಲಿ ಪ್ರತ್ಯೇಕ ಸ್ಥಾನ ಸಿಕ್ಕಿದ್ದು ತಡವಾಗಿ. 2021ರಲ್ಲಿ ವಾಹನ ಗುಜರಿ ನೀತಿ ಪ್ರಕಟವಾದಾಗ ಹವ್ಯಾಸಿಗಳಿಗೆ ದಿಗಿಲಾಗಿತ್ತು. ಅದೇ ವರ್ಷದ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಭಾಗ ಸೇರಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಅಕ್ಷರದ ನಂಬರು; ಕರ್ನಾಟಕದಲ್ಲಿ ಅದು ‘ಕೆಎ ವಿಎ’. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಮರುನೋಂದಣಿಗೆ 5,000 ರೂಪಾಯಿ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥ ಕಾರಣಕ್ಕೆ ರಸ್ತೆಗಿಳಿಯಬಹುದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಇಲ್ಲ. ವಾಹನ ಮೂಲರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಅದರ ಷರತ್ತು. ಪರ್ಕಿನ್ಸ್ ಎಂಜಿನ್ ಕೂರಿಸಿಕೊಂಡು ಮೂವತ್ತು ವರ್ಷ ಮಲೆನಾಡಿನ ಘಾಟಿ ಹತ್ತಿಳಿದ ಡಾಜ್ ಈ ಷರತ್ತಿಗೆ ಹೊಂದುವುದಿಲ್ಲ. ಅದಕ್ಕೆ ವಿಎ ನಂಬರು ಬೇಕೆಂದರೆ, ಅದನ್ನು ಗುಜರಿಯಿಂದ ಉಳಿಸಿದ ಡೀಸೆಲ್ ಎಂಜಿನ್ನನ್ನೇ ಮೊದಲು ಇಳಿಸಬೇಕು.